ಪಿಕಪ್ ಕೊಡುವಾಗ ಬರುವ ಸದ್ದಿನ ಜಾತಕ

ಸಿಗ್ನಲ್ ಹಸಿರಾಗುತ್ತದೆ, ಕ್ಲಚ್ ಬಿಟ್ಟು ಪಿಕಪ್ ಕೊಡುತ್ತೀರಿ. ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ತರಕಾರಿ ಚೀಲ, ಎದುರಿಗೆ ಫ್ಲೈಓವರಿನ ಏರು. ಆಗ ಇಂಜಿನ್ನಿನ ಹೊಟ್ಟೆಯಿಂದ ಒಂದು ಸದ್ದು ಬರುತ್ತದಲ್ಲ, ತಗಡಿನ ಡಬ್ಬಿಗೆ ನಾಲ್ಕು ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಟಿಣಿಟಿಣಿಟಿಣಿ... ಗಾಡಿ ವೇಗ ಹಿಡಿಯಿತೋ, ಸದ್ದು ಮಾಯ. ಮೆಕ್ಯಾನಿಕ್ ಮುಂದೆ ನಿಲ್ಲಿಸಿ ರೇಸ್ ಮಾಡಿದರೆ ಬರುವುದೇ ಇಲ್ಲ. ಡಾಕ್ಟರ ಎದುರು ಕೂತ ಕೂಡಲೇ ಹಲ್ಲುನೋವು ನಿಂತುಹೋಗುತ್ತದಲ್ಲ, ಹಾಗೆ!

ಮುಂಬಯಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ಕಾಲ ಚೆಂಬೂರಿನಲ್ಲೇ ಇದ್ದೇನೆ, ಅಷ್ಟೂ ಕಾಲ ಎರಡು ಚಕ್ರದ ಮೇಲೆಯೇ ಓಡಾಡಿದ್ದೇನೆ. ಈ ಸದ್ದಿನ ಬಗ್ಗೆ ಓದುತ್ತ ಹೋದ ಹಾಗೆ ನನಗೆ ಅನ್ನಿಸಿದ್ದು, ಇದು ಬರೀ ಗ್ಯಾರೇಜಿನ ವಿಷಯ ಅಲ್ಲ ಅಂತ. ಇಪ್ಪತ್ತನೇ ಶತಮಾನದಲ್ಲಿ ಈ ಒಂದು ಸದ್ದನ್ನು ಅಡಗಿಸಲು ಹೋಗಿ ಮನುಷ್ಯ ಏನೆಲ್ಲ ಮಾಡಿದ ಅನ್ನುವುದು ದೊಡ್ಡ ಕಥೆ. ಆ ಕಥೆಯ ಕೆಲವು ಪುಟಗಳು ನಮ್ಮೂರ ಕಡೆಯವೂ ಹೌದು.

ಮೊದಲು ಸದ್ದು ಯಾವುದು ಅಂತ ಗೊತ್ತುಮಾಡಿಕೊಳ್ಳೋಣ. ಗಾಡಿ ಹೊರಡುವಾಗ ಗಲಗಲ ಅನ್ನುವುದೆಲ್ಲ ಒಂದೇ ರೋಗ ಅಲ್ಲ. ಚೈನ್ ಸಡಿಲವಾಗಿ ಚೈನ್ ಕವರಿಗೆ ಬಡಿಯುತ್ತಿರಬಹುದು. ಸೈಲೆನ್ಸರಿನ ಬೋಲ್ಟ್ ಕಳಚಿರಬಹುದು. ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಬರುವ ಸದ್ದು ಕ್ಲಚ್ ಹಿಡಿದ ಕೂಡಲೇ ಬದಲಾದರೆ ಕ್ಲಚ್ಚಿನ ಕಡೆ ನೋಡಬೇಕು. ತಣ್ಣನೆ ಇಂಜಿನ್ನಿನಲ್ಲಿ ಬೆಳಿಗ್ಗೆ ಕೇಳಿಸಿ ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸವೆದಿರುವ ಸಂಶಯ. ಇವುಗಳ ನಡುವೆ ನಮ್ಮ ಸದ್ದನ್ನು ಗುರುತು ಹಿಡಿಯುವುದು ಸುಲಭ. ಅದಕ್ಕೆ ಭಾರ ಬೇಕು, ಬಿಸಿ ಬೇಕು, ಇಂಜಿನ್ ನಿಧಾನ ತಿರುಗುತ್ತಿರುವಾಗಲೇ ಆಕ್ಸಿಲರೇಟರ್ ಪೂರ್ತಿ ತಿರುವಿರಬೇಕು. ಒಂದು ಗೇರ್ ಇಳಿಸಿ ನೋಡಿ. ಹೋಯಿತೇ? ಹಾಗಾದರೆ ಅದು ನಾಕಿಂಗ್. ಇಂಗ್ಲೆಂಡಿನವರು ಪಿಂಕಿಂಗ್ ಅನ್ನುತ್ತಾರೆ. ಕಿವಿಗೆ ಕೇಳಿದ್ದನ್ನೇ ಹೆಸರು ಮಾಡಿದ್ದಾರೆ ಅಷ್ಟೆ.

ಒಳಗೆ ನಡೆಯುವುದು ಇಷ್ಟು. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಪ್ಲಗ್ಗಿನಿಂದ ಶುರುವಾಗಿ ಸಿಲಿಂಡರಿನ ಆಚೆ ಗೋಡೆಯ ತನಕ ಹಬ್ಬಬೇಕು. ತೋಟದಲ್ಲಿ ತರಗೆಲೆಗೆ ಒಂದು ಬದಿಯಿಂದ ಬೆಂಕಿ ಕೊಟ್ಟ ಹಾಗೆ. ಆದರೆ ಹಬ್ಬುತ್ತ ಬರುವ ಬೆಂಕಿ ಎದುರಿಗಿರುವ ಹೊತ್ತದ ಪೆಟ್ರೋಲು-ಗಾಳಿಯನ್ನು ಮೂಲೆಗೊತ್ತಿ ಒತ್ತುತ್ತದೆ, ಕಾಯಿಸುತ್ತದೆ. ತಡೆಯಲಾರದ ಪೆಟ್ರೋಲಾದರೆ ಬೆಂಕಿ ತಲುಪುವ ಮೊದಲೇ ಆ ಮೂಲೆ ತಾನಾಗಿಯೇ ಭಗ್ ಅನ್ನುತ್ತದೆ. ಆ ಹೊಡೆತಕ್ಕೆ ಸಿಲಿಂಡರು ಗಂಟೆಯ ಹಾಗೆ ನಾದ ಮಾಡುತ್ತದೆ. ನಿಧಾನ ತಿರುಗುವ ಇಂಜಿನ್ನಿನಲ್ಲಿ ಆ ಮೂಲೆಗೆ ಕಾಯಲು ಹೆಚ್ಚು ಸಮಯ ಸಿಗುತ್ತದೆ. ಅದಕ್ಕೇ ಹೊರಡುವಾಗ, ಏರಿನಲ್ಲಿ, ಟಾಪ್ ಗೇರಿನಲ್ಲಿ ಎಳೆಯುವಾಗ ಈ ಕಾಟ. ಸ್ವಲ್ಪ ಹೊತ್ತಿನ ಸದ್ದಿನಿಂದ ಏನೂ ಆಗುವುದಿಲ್ಲ. ಅದನ್ನೇ ದಿನವಿಡೀ ಮಾಡಿಸಿದರೆ ಪಿಸ್ಟನ್ನಿನ ತಲೆ ಕೊರೆದುಹೋಗುತ್ತದೆ.

ಹಿಂದಿನವರಿಗೆ ಇದು ಕೈಯಲ್ಲೇ ಇತ್ತು ಮಾರಾಯ್ರೆ. 1910, 20ರ ದಶಕದ ಮೋಟಾರ್‌ಸೈಕಲ್ ಹ್ಯಾಂಡಲಿನ ಮೇಲೆ ಕಿಡಿಯನ್ನು ಬೇಗ ಅಥವಾ ತಡವಾಗಿ ಹಾರಿಸುವ ಒಂದು ಪುಟ್ಟ ಲಿವರ್ ಇರುತ್ತಿತ್ತು. ಏರು ಬಂತು, ಇಂಜಿನ್ ಟಿಣಿಟಿಣಿ ಅಂದಿತು, ಸವಾರ ಹೆಬ್ಬೆರಳಿನಿಂದ ಲಿವರ್ ಹಿಂದೆ ಎಳೆದು ಕಿಡಿಯನ್ನು ತಡಮಾಡುತ್ತಿದ್ದ. ಸದ್ದು ನಿಂತಿತು, ಜೊತೆಗೆ ಶಕ್ತಿಯೂ ಇಳಿಯಿತು. ಕಿವಿಯೇ ಮೀಟರು.

ಆದರೆ ಇಂಜಿನ್ನಿನಿಂದ ಹೆಚ್ಚು ಶಕ್ತಿ, ಹೆಚ್ಚು ಮೈಲೇಜ್ ಬೇಕೆಂದರೆ ಒಳಗಿನ ಕಂಪ್ರೆಶನ್ ಏರಿಸಬೇಕು. ಕಂಪ್ರೆಶನ್ ಏರಿಸಿದರೆ ಈ ಸದ್ದು ಅಡ್ಡ ಬರುತ್ತದೆ. ಇದನ್ನು ಸರಿಯಾಗಿ ಅರ್ಥಮಾಡಿಕೊಂಡವರಲ್ಲಿ ಮೊದಲಿಗ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ. ಇದು ಕಿಡಿಯ ದೋಷ ಅಲ್ಲ, ಪೆಟ್ರೋಲಿನ ಸ್ವಭಾವ ಮತ್ತು ಸಿಲಿಂಡರ್ ತಲೆಯ ಆಕಾರದ ವಿಷಯ ಅಂತ ಅವನು ಪ್ರಯೋಗ ಮಾಡಿ ತೋರಿಸಿದ. ನಡುವೆ ಪ್ಲಗ್ ಇಟ್ಟು ಬೆಂಕಿ ಓಡಬೇಕಾದ ದೂರ ಕಡಿಮೆ ಮಾಡಿದರೆ ಅರ್ಧ ರೋಗ ವಾಸಿ. ಅವನು ಟ್ರಯಂಫ್ ಕಂಪನಿಗೆ ವಿನ್ಯಾಸ ಮಾಡಿಕೊಟ್ಟ ನಾಲ್ಕು ವಾಲ್ವಿನ 500 ಸಿಸಿ ಮೋಟಾರ್‌ಸೈಕಲ್ 1921ರಲ್ಲಿ ಹೊರಗೆ ಬಂತು. ಇವತ್ತು ಜಾಹೀರಾತಿನಲ್ಲಿ ಫೋರ್ ವಾಲ್ವ್ ಅಂತ ಬಡಾಯಿ ಕೊಚ್ಚಿಕೊಳ್ಳುವವರಿಗೆ ಹೇಳಿ, ನೂರು ವರ್ಷ ಹಳೆಯ ಸರಕು ಅಂತ!

ಅತ್ತ ಅಮೆರಿಕದಲ್ಲಿ ಇದೇ ಸದ್ದಿನ ಬೆನ್ನು ಹತ್ತಿದವರು ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಕೈಕೆಳಗಿನ ಥಾಮಸ್ ಮಿಜ್ಲಿ. ಕೆಟರಿಂಗ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮನುಷ್ಯ. ಅವನು ಮಾಡಿದ ಬ್ಯಾಟರಿ ಇಗ್ನಿಷನ್ನಿನಿಂದಲೇ ನಾಕಿಂಗ್ ಬರುತ್ತಿದೆ ಅಂತ ಜನ ದೂರುತ್ತಿದ್ದರು. ಆ ಅಪವಾದ ತೊಳೆದುಕೊಳ್ಳಬೇಕಿತ್ತು. ಮಿಜ್ಲಿ 1916ರಲ್ಲಿ ಕೆಲಸ ಶುರುಮಾಡಿದ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡಿದ್ದು ರಸಾಯನಶಾಸ್ತ್ರ. ಹಿಮದ ಕೆಳಗೇ ಅರಳುವ, ಎಲೆಯ ಹಿಂಬದಿ ಕೆಂಪಗಿರುವ ಒಂದು ಗಿಡ ನೆನಪಿಗೆ ಬಂದು, ಕೆಂಪು ಬಣ್ಣ ಶಾಖವನ್ನು ಬೇಗ ಹೀರುತ್ತದೇನೋ ಎಂದು, ಪೆಟ್ರೋಲಿಗೆ ಕೆಂಪು ಬಣ್ಣ ಹಾಕಿ ನೋಡೋಣ ಅಂತ ಇವರು ಹೊರಟರಂತೆ. ಕೈಗೆ ಸಿಕ್ಕಿದ್ದು ಅಯೋಡಿನ್. ಸದ್ದು ಕಡಿಮೆಯಾಯಿತು! ಕೆಂಪು ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಮುಂದೆ ಟೆಲ್ಲೂರಿಯಂ ಹಾಕಿದರು. ಅದೂ ಕೆಲಸ ಮಾಡಿತು, ಆದರೆ ಕೊಳೆತ ಬೆಳ್ಳುಳ್ಳಿಯಂಥ ಅದರ ನಾತ ಮೈಗೆ ಅಂಟಿ, ಎಷ್ಟು ಸ್ನಾನ ಮಾಡಿದರೂ ಹೋಗದೆ, ಇವರ ಹತ್ತಿರ ಯಾರೂ ಸುಳಿಯದ ಹಾಗಾಯಿತು.

ಈಗ ಗಮನವಿಟ್ಟು ಕೇಳಿ, ಇಲ್ಲೇ ಕಥೆ ತಿರುಗುವುದು. 1921ರ ಅಕ್ಟೋಬರಿನಲ್ಲಿ ಮಿಜ್ಲಿ ಹೆಚ್ಚು ಕಂಪ್ರೆಶನ್ನಿನ ಇಂಜಿನ್ ಇರುವ ಒಂದು ಕಾರಿಗೆ ನೂರಕ್ಕೆ ಮೂವತ್ತು ಪಾಲು ಆಲ್ಕೊಹಾಲ್ ಬೆರೆಸಿದ ಪೆಟ್ರೋಲ್ ಹಾಕಿ ಡೇಟನ್‌ನಿಂದ ಇಂಡಿಯಾನಾಪೊಲಿಸ್‌ಗೆ, ಇಂಜಿನಿಯರುಗಳ ಸಭೆಗೆ ಓಡಿಸಿಕೊಂಡು ಹೋದ. ಅಂದರೆ ಮದ್ದು ಕೈಯಲ್ಲೇ ಇತ್ತು. ಆಲ್ಕೊಹಾಲ್ ಆವಿಯಾಗುವಾಗ ಶಾಖ ಹೀರಿ ಒಳಗನ್ನು ತಂಪು ಮಾಡುತ್ತದೆ, ತಾನಾಗಿ ಹೊತ್ತಿಕೊಳ್ಳಲು ಸುಲಭಕ್ಕೆ ಒಪ್ಪುವುದೂ ಇಲ್ಲ. ಎರಡು ತಿಂಗಳ ಮೇಲೆ, ಡಿಸೆಂಬರ್ 9ರಂದು, ಅದೇ ಪ್ರಯೋಗಾಲಯದಲ್ಲಿ ಟೆಟ್ರಾಈಥೈಲ್ ಲೆಡ್ ಅನ್ನುವ ಸೀಸದ ದ್ರವ ಹಾಕಿ ನೋಡಿದರು. ಸಾವಿರಕ್ಕೂ ಹೆಚ್ಚು ಪಾಲು ಪೆಟ್ರೋಲಿಗೆ ಬರೀ ಒಂದು ಪಾಲು. ಸದ್ದು ಪೂರ್ತಿ ಬಂದ್.

ಸೀಸ ವಿಷ ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ ಆಲ್ಕೊಹಾಲ್ ಬಿಟ್ಟು ಸೀಸ ಹಿಡಿದದ್ದು ಯಾಕೆ? ಬರೀ ದುರಾಸೆ ಅಂದರೆ ಅರ್ಧ ನಿಜ. ಆಲ್ಕೊಹಾಲ್ ಕೊಡ ಕೊಡ ಬೇಕು, ಅಷ್ಟನ್ನು ಬೆಳೆದು ಭಟ್ಟಿ ಇಳಿಸಬೇಕು, ನೀರು ಸೇರಿದರೆ ಪೆಟ್ರೋಲಿನಿಂದ ಬೇರೆಯಾಗುತ್ತದೆ. ಇದೆಲ್ಲ ನಿಜವಾದ ತೊಂದರೆಗಳೇ. ಆದರೆ ಇನ್ನರ್ಧವೂ ನಿಜ. ಯಾವ ರೈತನಾದರೂ ಮಾಡಬಹುದಾದ ಆಲ್ಕೊಹಾಲಿನ ಮೇಲೆ ಯಾರೂ ಒಡೆತನ ಸಾಧಿಸಲು ಆಗುವುದಿಲ್ಲ. ಸೀಸದ ಮದ್ದಿಗೆ ಪೇಟೆಂಟ್ ಸಿಗುತ್ತದೆ. ಪೆಟ್ರೋಲ್ ಕಂಪನಿಗಳಿಗೂ ತಮ್ಮ ಟ್ಯಾಂಕಿನ ಮೂರನೇ ಒಂದು ಭಾಗವನ್ನು ಆಲ್ಕೊಹಾಲಿಗೆ ಬಿಟ್ಟುಕೊಡುವುದಕ್ಕಿಂತ ಚಮಚದಷ್ಟು ಸೀಸ ಲೇಸು. 1923ರ ಫೆಬ್ರವರಿಯಲ್ಲಿ ಡೇಟನ್ನಿನ ಪಂಪಿನಲ್ಲಿ ಮಾರಾಟ ಶುರುವಾಯಿತು. ಹೆಸರು ‘ಇಥೈಲ್’. ಸೀಸ ಅನ್ನುವ ಪದ ಹೆಸರಿನಲ್ಲಿ ಎಲ್ಲೂ ಇಲ್ಲ, ಗಮನಿಸಿ.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಇದನ್ನು ತಯಾರಿಸುತ್ತಿದ್ದ ಕೆಲಸಗಾರರಿಗೆ ಭ್ರಮೆ ಹಿಡಿಯಿತು, ಕೆಲವರನ್ನು ಕಟ್ಟಿಹಾಕಬೇಕಾಯಿತು, ಐವರು ಸತ್ತರು. ಪತ್ರಕರ್ತರ ಮುಂದೆ ಮಿಜ್ಲಿ ಆ ದ್ರವವನ್ನು ಕೈಗೆ ಸುರಿದುಕೊಂಡು, ಮೂಸಿ, ಏನೂ ಆಗುವುದಿಲ್ಲ ಅಂತ ತೋರಿಸಿದ. ವರ್ಷದ ಹಿಂದಷ್ಟೇ ಸೀಸದ ವಿಷವೇರಿ ಫ್ಲಾರಿಡಾದಲ್ಲಿ ಸುಧಾರಿಸಿಕೊಂಡು ಬಂದಿದ್ದ ಅದೇ ಮಿಜ್ಲಿ! 1925ರ ಮೇ ತಿಂಗಳಲ್ಲಿ ಸರಕಾರ ಸಭೆ ಕರೆಯಿತು. ಕಾರ್ಖಾನೆ ಕಾಯಿಲೆಗಳನ್ನು ಅರೆದು ಕುಡಿದಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಬೇಡ ಅಂದರು. ಮರುವರ್ಷ ಒಂದು ಸಮಿತಿ, ನಿಷೇಧಿಸಲು ಸಾಕಷ್ಟು ಕಾರಣ ಕಾಣುವುದಿಲ್ಲ ಅಂದಿತು. ಅಲ್ಲಿಗೆ ಮುಗಿಯಿತು.

ಈ ಸದ್ದನ್ನು ಅಳೆಯುವ ಕೋಲು ಸಿಕ್ಕಿದ್ದೂ ಆಗಲೇ. 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞ ಎರಡು ದ್ರವ ಆರಿಸಿದ. ಚೂರೂ ತಡೆಯದೆ ಬಡಬಡಿಸುವ ಹೆಪ್ಟೇನ್‌ಗೆ ಸೊನ್ನೆ, ಜಗ್ಗದ ಐಸೊ-ಆಕ್ಟೇನ್‌ಗೆ ನೂರು. ನಿಮ್ಮ ಪೆಟ್ರೋಲು ಇವೆರಡರ ಯಾವ ಮಿಶ್ರಣದ ಹಾಗೆ ಬಡಿಯುತ್ತದೋ ಅದೇ ಅದರ ಆಕ್ಟೇನ್ ಅಂಕ. ಅಷ್ಟು ಶುದ್ಧ ಹೆಪ್ಟೇನ್ ಆಗ ಸಿಗುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಒಂದು ಜಾತಿಯ ಪೈನ್ ಮರದ ಅಂಟಿನಿಂದ. ಈ ಅಂಕ ಶಕ್ತಿಯ ಲೆಕ್ಕ ಅಲ್ಲ, ಸಹನೆಯ ಲೆಕ್ಕ. ಗಾಡಿಗೆ ಬೇಕಿಲ್ಲದಿದ್ದರೂ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲು ಹಾಕಿ ಹುಲಿಯಾಗುತ್ತದೆ ಅಂದುಕೊಳ್ಳುವವರು ಇದನ್ನು ಎರಡು ಸಲ ಓದಿ.

ನಮ್ಮಲ್ಲಿಗೆ ಬರೋಣ. ನಮ್ಮ ಚೆಂಬೂರಿನ ಪಕ್ಕದ ಮಾಹುಲ್‌ನಲ್ಲಿ 1954, 55ರಲ್ಲಿ ಎರಡು ರಿಫೈನರಿಗಳು ಶುರುವಾದವು. ಎಸ್ಸೋ ಒಂದು, ಬರ್ಮಾ-ಶೆಲ್ ಇನ್ನೊಂದು. ಎರಡೂ ಎಪ್ಪತ್ತರ ದಶಕದಲ್ಲಿ ಸರಕಾರದ್ದಾದವು. ಗಾಳಿ ಈ ಕಡೆ ತಿರುಗಿದ ರಾತ್ರಿ ಕಿಟಕಿ ಮುಚ್ಚಿಕೊಂಡು ಮಲಗುವುದು ಇಲ್ಲಿನವರಿಗೆ ಅಭ್ಯಾಸ. ನಾನು ಬಂದ ಹೊಸತರಲ್ಲಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 87. ಅದಕ್ಕೂ ಸೀಸದ ಊರುಗೋಲು. ಲೀಟರಿಗೆ 0.56 ಗ್ರಾಂ ತನಕ ಸೀಸ ಹಾಕಬಹುದಿತ್ತು. ಸಿಗ್ನಲ್ಲಿನಲ್ಲಿ ನಿಂತ ಪ್ರತಿ ಸ್ಕೂಟರು, ಪ್ರತಿ ಫಿಯೆಟ್ ಟ್ಯಾಕ್ಸಿ ಅದನ್ನು ಹೊಗೆಯಲ್ಲಿ ಬಿಡುತ್ತಿತ್ತು. ಹೊಗೆ ಕೊಳವೆಯ ಎತ್ತರದಲ್ಲೇ ಮಕ್ಕಳ ಮೂಗು. ದೊಡ್ಡವರಿಗಿಂತ ಮಕ್ಕಳ ಮೈ ಸೀಸವನ್ನು ಬೇಗ ಹೀರುತ್ತದೆ, ಅದು ಮೆದುಳಿಗೇ ಕೈ ಹಾಕುತ್ತದೆ.

ಅಮೆರಿಕದಲ್ಲಿ ಇದರ ಬೆನ್ನು ಬಿದ್ದವನು ಕ್ಲೇರ್ ಪ್ಯಾಟರ್ಸನ್. ಸೀಸವನ್ನು ಅಳೆದೇ ಭೂಮಿಯ ವಯಸ್ಸು ಲೆಕ್ಕ ಹಾಕಿದವನು. ಎಲ್ಲಿ ನೋಡಿದರೂ ಸೀಸ ಕಾಣುತ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡು, ಅದು ಪ್ರಕೃತಿಯದ್ದಲ್ಲ, ನಾವು ಸುರಿದದ್ದು ಅಂತ 1965ರಲ್ಲಿ ಬರೆದ. ನಮ್ಮಲ್ಲಿ ಸುಪ್ರೀಂ ಕೋರ್ಟಿನಲ್ಲಿ ಎಂ.ಸಿ. ಮೆಹ್ತಾ ಅವರ ವಾಯುಮಾಲಿನ್ಯದ ಮೊಕದ್ದಮೆ ನಡೆಯುತ್ತಿದ್ದ ಕಾಲದಲ್ಲಿ, 1994ರಲ್ಲಿ ನಾಲ್ಕು ಮಹಾನಗರಗಳಿಗೆ ಕಡಿಮೆ ಸೀಸದ ಪೆಟ್ರೋಲ್ ಬಂತು. 1995ರ ಏಪ್ರಿಲ್ 1ರಿಂದ ಅಲ್ಲಿ ಸೀಸರಹಿತ ಪೆಟ್ರೋಲೂ ಸಿಗತೊಡಗಿತು, 2000ದ ಫೆಬ್ರವರಿ 1ರಿಂದ ದೇಶಕ್ಕೆಲ್ಲ ಅದೇ. ಆ ಹೊತ್ತಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಸೇರಿ ಬೆಂಗಳೂರು, ಮುಂಬಯಿ, ಚೆನ್ನೈ ಮುಂತಾದ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಅಪಾಯದ ಗೆರೆಯನ್ನು ದಾಟಿತ್ತು. ವೆಂಕಟೇಶರನ್ನು ಭಾರತದ ‘ಲೆಡ್ ಮ್ಯಾನ್’ ಅಂತಲೇ ಕರೆಯುತ್ತಾರೆ. ಜಗತ್ತಿನಲ್ಲಿ ಕಡೆಯದಾಗಿ ಅಲ್ಜೀರಿಯಾ 2021ರಲ್ಲಿ ಸೀಸದ ಪೆಟ್ರೋಲ್ ನಿಲ್ಲಿಸಿತು. ಡೇಟನ್ನಿನ ಪ್ರಯೋಗಕ್ಕೆ ಸರಿಯಾಗಿ ನೂರು ವರ್ಷ.

ಸೀಸ ಹೋದರೂ ನಮ್ಮ ಸದ್ದು ಹೋಗಲಿಲ್ಲ, ಯಾಕೆಂದರೆ ನಮ್ಮಲ್ಲಿ ಅದಕ್ಕೆ ಇನ್ನೊಂದು ಅಪ್ಪಟ ದೇಶೀ ಕಾರಣ ಇತ್ತು. ಸೀಮೆಎಣ್ಣೆ. ರೇಷನ್ನಿನ ನೀಲಿ ಸೀಮೆಎಣ್ಣೆಗೂ ಪೆಟ್ರೋಲಿಗೂ ಬೆಲೆಯಲ್ಲಿ ಆಕಾಶ ಭೂಮಿ ಅಂತರ, ಬೆರೆಸಿದವನಿಗೆ ಬಂಗಾರ. ಸೀಮೆಎಣ್ಣೆಯ ಆಕ್ಟೇನ್ ಮಾತ್ರ ಪಾತಾಳದಲ್ಲಿ. ಗೋವಂಡಿಯ ನನ್ನ ಮೆಕ್ಯಾನಿಕ್ ಚಾಚಾ ಗಾಡಿ ಮುಟ್ಟುವ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, “ಪೆಟ್ರೋಲ್ ಕಹಾಂ ಸೇ ಭರಾ?” ಹೊಸ ಪಂಪಿನಲ್ಲಿ ತುಂಬಿಸಿದ ಮೇಲೆ ಸದ್ದು ಶುರುವಾಗಿದ್ದರೆ ಸ್ಪ್ಯಾನರ್ ಎತ್ತುತ್ತಲೇ ಇರಲಿಲ್ಲ. ಮೊದಲು ಟ್ಯಾಂಕ್ ಖಾಲಿ ಮಾಡು, ಆಮೇಲೆ ಬಾ.

ಈ ಕಲಬೆರಕೆಯ ಬಗ್ಗೆ ಬರೆಯುವಾಗ ಮಂಜುನಾಥ್ ಷಣ್ಮುಗಂ ಹೆಸರು ಬಿಡಲು ಆಗುವುದಿಲ್ಲ. ಕೆಜಿಎಫ್‌ನ ಹುಡುಗ. ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪಂಪಿಗೆ ಬೀಗ ಹಾಕಿಸಿದರು, ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಇಪ್ಪತ್ತೇಳು ವರ್ಷ. ಕೊಂದವರ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮ ಹಾಗೆಯೇ ಊರು ಬಿಟ್ಟು ದೂರದಲ್ಲಿ ನೌಕರಿ ಮಾಡಿಕೊಂಡಿದ್ದ ಹುಡುಗ. ಆ ಸುದ್ದಿ ಓದಿದ ವಾರ ನನಗೆ ಯಾವ ಪಂಪಿನ ಮುಂದೆ ನಿಂತರೂ ಅದೇ ಯೋಚನೆ.

ಅದೇ 2005ರ ಏಪ್ರಿಲ್‌ನಲ್ಲಿ ಮುಂಬಯಿ, ಪುಣೆ, ಬೆಂಗಳೂರು ಸೇರಿ ಹನ್ನೊಂದು ನಗರಗಳಿಗೆ 91 ಆಕ್ಟೇನಿನ ಪೆಟ್ರೋಲು ಬಂದಿತ್ತು. ಉಳಿದ ದೇಶಕ್ಕೆ 88. ಈ ಭೇದ ಹೋದದ್ದು 2010ರಲ್ಲಿ. ಆ ಐದು ವರ್ಷ ಇಲ್ಲಿಂದ ಶಿರಸಿಗೆ ಗಾಡಿಯಲ್ಲೇ ಹೋಗುತ್ತಿದ್ದಾಗ ಪುಣೆ ದಾಟಿದ ಮೇಲೆ ತುಂಬಿಸಿದ್ದೆಲ್ಲ ಎರಡನೇ ದರ್ಜೆಯ ಪೆಟ್ರೋಲು. ಕುಮಟಾ ಕಡೆಯಿಂದ ದೇವಿಮನೆ ಘಾಟ್ ಹತ್ತುವಾಗ ಗಾಡಿ ಮಾತಾಡತೊಡಗುತ್ತಿತ್ತು, ನಾನು ಗೇರ್ ಇಳಿಸುತ್ತಿದ್ದೆ. ಮೂರು ಅಂಕದ ವ್ಯತ್ಯಾಸವೋ, ಹೊತ್ತುಕೊಂಡ ಲಗೇಜಿನ ಭಾರವೋ, ಘಾಟೇ ಹೇಳಬೇಕು.

ಇನ್ನು ಆಲ್ಕೊಹಾಲಿನ ಕಥೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಂಡಿಯನ್ ಪವರ್ ಆಲ್ಕೊಹಾಲ್ ಆಕ್ಟ್ ಅಂತ ಒಂದು ಕಾನೂನು ಮಾಡಿದ್ದರು, ಕಾಕಂಬಿಯ ಆಲ್ಕೊಹಾಲನ್ನು ಪೆಟ್ರೋಲಿಗೆ ಬೆರೆಸಲು. ಹೆಚ್ಚೇನೂ ನಡೆಯಲಿಲ್ಲ. 2000ದಲ್ಲಿ ಅದನ್ನು ರದ್ದುಮಾಡಿದರು. ಸೀಸ ಹೋದ ಅದೇ ವರ್ಷ! ರದ್ದುಮಾಡಿ ಮೂರು ವರ್ಷ ಆಗುವಷ್ಟರಲ್ಲಿ, 2003ರ ಜನವರಿಯಲ್ಲಿ, ಕರ್ನಾಟಕ, ಮಹಾರಾಷ್ಟ್ರ ಸೇರಿ ಒಂಬತ್ತು ರಾಜ್ಯಗಳಲ್ಲಿ ಐದು ಶೇಕಡ ಎಥನಾಲ್ ಬೆರೆಸುವ ಯೋಜನೆ ಶುರು. 2022ಕ್ಕೆ ಹತ್ತು ಶೇಕಡ ಮುಟ್ಟಿತು. 2023ರ ಫೆಬ್ರವರಿ 6ರಂದು ಇಪ್ಪತ್ತು ಶೇಕಡದ ಇ20 ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. 2025ಕ್ಕೆ ದೇಶದ ಪಂಪುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲು. ಮಿಜ್ಲಿ 1921ರಲ್ಲಿ ಓಡಿಸಿ ಆಮೇಲೆ ಮೂಲೆಗೆ ತಳ್ಳಿದ ಮದ್ದು, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆ ಹಾದು ವಾಪಸ್ ಬಂತು. ಈಗ ಅದರ ಹಿಂದೆಯೂ ಲಾಭದ ಲೆಕ್ಕ ಇಲ್ಲವೇ ಅಂತ ಕೇಳಿದರೆ, ಇದೆ. ಸಕ್ಕರೆ ಕಾರ್ಖಾನೆಯವರನ್ನು ಕೇಳಿ. ಕಬ್ಬು ಕುಡಿಯುವ ನೀರಿನ ಲೆಕ್ಕವನ್ನೂ ಯಾರಾದರೂ ಕೇಳಬೇಕು. ಆದರೂ ಮಕ್ಕಳ ರಕ್ತದಲ್ಲಿ ಸೀಸಕ್ಕಿಂತ ಇದು ಸಾವಿರ ಪಾಲು ಮೇಲು ಅನ್ನುವವನು ನಾನು.

ಇದರಿಂದ ರೋಗ ಪತ್ತೆಯ ಕ್ರಮವೂ ಬದಲಾಗುತ್ತದೆ. ಇ20 ಪೆಟ್ರೋಲಿನ ಆಕ್ಟೇನ್ 95 ಅಂತ 2025ರಲ್ಲಿ ಸರಕಾರ ಹೇಳಿದೆ. 87ರ ಕಾಲಕ್ಕೆ ಮಾಡಿದ ಹಳೇ ಗಾಡಿಗೆ ಇದು ಬೇಕಾದ್ದಕ್ಕಿಂತ ಹೆಚ್ಚು ಸಹನೆ. ಹಾಗಾಗಿ ಈಗಲೂ ಪಿಕಪ್ ಕೊಡುವಾಗ ನಿಜವಾದ ನಾಕಿಂಗ್ ಕೇಳಿದರೆ ಪಂಪಿನವನನ್ನು ಬೈಯುವ ಮೊದಲು ಗಾಡಿಯನ್ನೇ ನೋಡಿ. ಸಿಲಿಂಡರಿನ ತಲೆಯಲ್ಲಿ ಕಾರ್ಬನ್ ಕಟ್ಟಿದೆಯೇ, ಟೈಮಿಂಗ್ ಮುಂದೆ ಸರಿದಿದೆಯೇ, ಪ್ಲಗ್ ಸರಿಯಾದದ್ದೇ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಕಾರ್ಬುರೇಟರಿನ ಗಾಡಿಯಲ್ಲಿ ಮಿಶ್ರಣ ತೆಳುವಾಗಿ ಇಂಜಿನ್ ಹೆಚ್ಚು ಕಾಯಬಹುದು, ಟ್ಯೂನ್ ಮಾಡಿಸಿ. ಹಳೇ ರಬ್ಬರ್ ಪೈಪು, ವಾಷರು ಬದಲಿಸಿ. ಗಣಪತಿ ಹಬ್ಬಕ್ಕೋ ಬೇಸಿಗೆ ರಜೆಗೋ ತಿಂಗಳುಗಟ್ಟಲೆ ಊರಿಗೆ ಹೋಗುವವರು ಟ್ಯಾಂಕ್ ಅರ್ಧ ಬಿಟ್ಟು ಹೋಗಬೇಡಿ, ಎಥನಾಲ್ ಗಾಳಿಯ ತೇವ ಹೀರುತ್ತದೆ. ಕಲಬೆರಕೆಯ ಸಂಶಯ ಬಂದರೆ ಪಂಪಿನಲ್ಲೇ ಫಿಲ್ಟರ್ ಪೇಪರ್ ಕೇಳಿ, ಅದು ನಿಮ್ಮ ಹಕ್ಕು. ಒಂದು ಹನಿ ಬಿಟ್ಟರೆ ಕಲೆ ಉಳಿಯದೆ ಆರಬೇಕು.

ಇಷ್ಟೆಲ್ಲ ಮಾಡಿ, ಗೇರ್ ಇಳಿಸಿದ ಮೇಲೂ ಸದ್ದು ಹಾಗೆಯೇ ಇದ್ದರೆ ಅದಕ್ಕೂ ಮಿಜ್ಲಿಗೂ ಸಂಬಂಧ ಇಲ್ಲ. ಕ್ಲಚ್ ಕವರ್ ಬಿಚ್ಚಿಸಿ.